ನೀಲಿ ದೋಣಿಯ ಹಗ್ಗ

ಭಾನುವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ದೋಣಿ ಸಂಘದ ಕಾರ್ಯದರ್ಶಿ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಪ್ಯಾಂಟಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ದಫೇದಾರ ಕುರ್ಚಿ ತೋರಿಸಿದರೂ ಕೂರಲಿಲ್ಲ. ಕುರ್ಚಿ ನೆನೆದೀತೆಂಬ ಸಂಕೋಚವೋ, ಕೂತರೆ ಸಿಟ್ಟು ಇಳಿದುಹೋದೀತೆಂಬ ಭಯವೋ ತಿಳಿಯದು. ನಿಂತೇ ದೂರು ಹೇಳಿದರು, ದಫೇದಾರ ಬರೆದುಕೊಂಡ.

ಅಂದು ಹೊಳೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಹುಟ್ಟುದೋಣಿ ಪಂದ್ಯ. ಕೊನೆಯ ಸುತ್ತಿನಲ್ಲಿ ಕಾರ್ಯದರ್ಶಿಯ ಸಂಘದ ಎಂಟು ಹುಟ್ಟಿನ ದೋಣಿ ಗೆದ್ದಿತ್ತು. ಹುಡುಗರು ಗೆಲುವಿನ ಗೆರೆ ದಾಟಿ, ಹುಟ್ಟುಗಳನ್ನು ಮೇಲೆತ್ತಿ, ಚಪ್ಪಾಳೆ ಕೇಳುತ್ತ ನಿಧಾನಕ್ಕೆ ತೇಲುತ್ತಿದ್ದರು. ಗೆರೆಯಿಂದ ಕೆಳಗೆ, ದಡದ ಬದಿಯಲ್ಲಿ, ಪ್ರೇಕ್ಷಕರ ದೋಣಿಗಳು ಲಂಗರು ಹಾಕಿ ನಿಂತಿದ್ದವು. ಅವುಗಳಲ್ಲಿ ನೀಲಿ ಬಣ್ಣದ ದೊಡ್ಡ ದೋಣಿ ಇದ್ದಕ್ಕಿದ್ದಂತೆ ಬಿಡಿಸಿಕೊಂಡು ಬಂದು ಗೆದ್ದ ದೋಣಿಯ ನಡುವಿಗೇ ಗುದ್ದಿತು. ಪಂದ್ಯದ ದೋಣಿ ಎಳೆ ಸೌತೆಕಾಯಿ ಮುರಿದ ಹಾಗೆ ಎರಡು ತುಂಡಾಯಿತು. ಎಂಟು ಹುಡುಗರೂ ನೀರಿಗೆ ಬಿದ್ದರು. ರಕ್ಷಣಾ ದೋಣಿಯವರು ಎಲ್ಲರನ್ನೂ ಎತ್ತಿಕೊಂಡರು, ಒಬ್ಬನ ಹೆಗಲ ಮೂಳೆ ಮುರಿದಿತ್ತು. ನೀಲಿ ದೋಣಿ ಮುಂದೆ ಹೋಗಿ ಮರಳ ದಿಬ್ಬಕ್ಕೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಮೂವತ್ತಾರು ಜನರಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ.

“ಹಗ್ಗ ಕಿತ್ತುಹೋಗಿಲ್ಲ, ಕೊಯ್ದಿದಾರೆ,” ಎಂದರು ಕಾರ್ಯದರ್ಶಿ. “ನಾನೇ ಹೋಗಿ ನೋಡಿದೀನಿ. ತುದಿ ಬ್ಲೇಡಲ್ಲಿ ಕೊಯ್ದ ಹಾಗಿದೆ. ಸೋತೋರು ಮೇಲ್ದಂಡೆ ಸಂಘದೋರು. ಇನ್ನು ನಾನು ಬಿಡಿಸಿ ಹೇಳಬೇಕಾ?”

ದಫೇದಾರನ ಪೆನ್ನು ಅಲ್ಲಿಗೆ ನಿಂತಿತು. ನೀಲಿ ದೋಣಿಯಲ್ಲಿ ಅವನ ತಾಯಿಯೂ ಇದ್ದಳು.

ಪಂದ್ಯದ ದಿನ ಪೊಲೀಸರಿಗೆ ಪಂದ್ಯ ಕಾಣುವುದಿಲ್ಲ. ಅವರು ಹೊಳೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ನಿಲ್ಲಬೇಕು. ದಫೇದಾರನೂ ಹಾಗೇ ನಿಂತಿದ್ದ. ಎದುರಿಗಿದ್ದ ನೂರಾರು ಮುಖಗಳು ಒಮ್ಮೆಗೇ ಬಣ್ಣಗೆಟ್ಟದ್ದನ್ನು ಕಂಡು ತಿರುಗಿ ನೋಡಿದಾಗ ಎಲ್ಲ ಮುಗಿದಿತ್ತು. ಬೂಟು ಸಮೇತ ನೀರಿಗಿಳಿದು ದಿಬ್ಬಕ್ಕೆ ಹೋಗಿ, ಅಮ್ಮನನ್ನು ಎರಡೂ ಕೈಯಲ್ಲಿ ಎತ್ತಿ ದಡಕ್ಕೆ ತಂದಿದ್ದ. ಅವಳ ಸೀರೆ ಮೊಣಕಾಲಿನವರೆಗೆ ಒದ್ದೆಯಾಗಿತ್ತು. “ಒಂದು ಕಾಲಿನ ಚಪ್ಪಲಿ ಹೋಯ್ತು ನೋಡೋ,” ಎಂದಳು. ಅವಳನ್ನು ಆಟೋ ಹತ್ತಿಸಿ ಮನೆಗೆ ಕಳಿಸಿ ಬಂದ ಮೇಲೂ ಅವನ ಎದೆ ಸಮಾಧಾನಕ್ಕೆ ಬಂದಿರಲಿಲ್ಲ. ಅವಳು ಬದುಕಿ ಬಂದದ್ದಕ್ಕೆ ಯಾರಿಗೆ ಕೈಮುಗಿಯಬೇಕೋ ತಿಳಿಯದೆ, ಕೈಮುಗಿಯುವ ಆ ಆಸೆಯೆಲ್ಲ ತಿರುಗಿ ಸಿಟ್ಟಾಗಿತ್ತು. ಈಗ ಆ ಸಿಟ್ಟಿಗೆ ಒಂದು ಗುರಿ ಸಿಕ್ಕಿತು. ಹಗ್ಗ ಕೊಯ್ದವನೊಬ್ಬ ಇದ್ದಾನೆ. ಅವನು ಸಿಗಬೇಕು, ತನ್ನ ಕೈಗೇ ಸಿಗಬೇಕು.

ಎಫ್‌ಐಆರ್ ಅಪರಿಚಿತ ವ್ಯಕ್ತಿಯ ಮೇಲೆ ದಾಖಲಾಯಿತು. ಇನ್ಸ್‌ಪೆಕ್ಟರ್ ಮೇಡಂ ಅದನ್ನು ಓದಿ, ಟೋಪಿ ಹಾಕಿಕೊಂಡು ಎದ್ದರು. ಮಾತು ಕಮ್ಮಿ, ವಯಸ್ಸಿನಲ್ಲಿ ದಫೇದಾರನಿಗಿಂತ ಹತ್ತು ವರ್ಷ ಚಿಕ್ಕವರು. ಜೀಪು ಹತ್ತುವಾಗ ಒಂದೇ ಮಾತು ಕೇಳಿದರು, ಅಮ್ಮ ಏನಾದರೂ ತಿಂದರಾ ಎಂದು.

ಮರಳ ದಿಬ್ಬದ ಮೇಲೆ ನೀಲಿ ದೋಣಿ ಬಲಮಗ್ಗುಲಾಗಿ, ನಿದ್ದೆ ಹೋದ ಎಮ್ಮೆಯ ಹಾಗೆ ಮಲಗಿತ್ತು. ಒಂದು ಬದಿ ಪೂರ್ತಿ ಮರಳಿನಲ್ಲಿ ಹೂತಿತ್ತು. ಹೊಳೆಕಟ್ಟೆಯ ಚಹಾದಂಗಡಿಯವನನ್ನೂ ಸೈಕಲ್ ರಿಪೇರಿಯವನನ್ನೂ ಪಂಚರಾಗಿ ಕರೆದು ಪಂಚನಾಮೆ ಶುರುವಾಯಿತು. ದೋಣಿಯ ಮೂತಿಯ ಕಬ್ಬಿಣದ ಬಳೆಗೆ ಮೊಳದುದ್ದದ ಹಗ್ಗದ ತುಂಡು ಗಂಟು ಹಾಕಿಕೊಂಡಿತ್ತು. ತುದಿ ನಿಜಕ್ಕೂ ಒಂದೇ ಏಟಿಗೆ ಕೊಯ್ದಂತಿತ್ತು. ಮಿಕ್ಕ ಹಗ್ಗ ಲಂಗರಿನ ಜೊತೆ ಹೊಳೆಯ ತಳದಲ್ಲಿ. ಹಿಂಬದಿಯ ಹಲಗೆಗೆ ಮೊಳೆ ಹೊಡೆದ ಚರ್ಮದ ಒರೆ ಒಂದಿತ್ತು. ಅದರಲ್ಲಿ ಕತ್ತಿ ಇರಲಿಲ್ಲ.

ದೋಣಿಯವನು ಪಕ್ಕದಲ್ಲೇ ಒದ್ದೆ ಬಟ್ಟೆಯಲ್ಲಿ ಕೈಕಟ್ಟಿ ನಿಂತಿದ್ದ. ಊರು ಅವನನ್ನು ಕರೆಯುತ್ತಿದ್ದುದು ‘ಸಾವಕಾಶ’ ಎಂದು. ದೋಣಿ ಹತ್ತುವ ಪ್ರತಿಯೊಬ್ಬರಿಗೂ ಕೈಕೊಟ್ಟು, “ಸಾವಕಾಶ, ಸಾವಕಾಶ” ಎನ್ನುತ್ತಿದ್ದುದರಿಂದ ಬಂದ ಹೆಸರು. ತೇಲುವ ಅಂಗಿಯ ಬಕಲುಗಳನ್ನು ತಾನೇ ಎಳೆದು ನೋಡದೆ ದೋಣಿ ಬಿಡುವವನಲ್ಲ. ಶನಿವಾರ ಇನ್ಸ್‌ಪೆಕ್ಟರ್ ಪ್ರೇಕ್ಷಕರ ದೋಣಿಯವರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ ಸುರಕ್ಷತೆಯ ನಿಯಮ ಓದಿದ್ದರು. ಎಲ್ಲರಿಗೂ ತೇಲುವ ಅಂಗಿ, ಕೆಂಪು ಬಾವುಟ ಏರಿದ ಮೇಲೆ ಎಂಜಿನ್ ಬಂದ್, ಪಂದ್ಯದ ದಾರಿಗೆ ತೇಲಿಬಿಟ್ಟ ಪೀಪಾಯಿಗಳ ಸಾಲು ದಾಟಕೂಡದು, ಮೂತಿಯನ್ನು ಮೇಲ್ನೀರಿಗೆ, ಅಂದರೆ ಹರಿವು ಬರುವ ದಿಕ್ಕಿಗೆ, ಮಾಡಿ ಲಂಗರಿನ ಹಗ್ಗವನ್ನು ಮೂತಿಗೇ ಕಟ್ಟಬೇಕು, ಅವಸರಕ್ಕೆ ಹಗ್ಗ ಕೊಯ್ಯಲು ಹರಿತವಾದ ಕತ್ತಿ ಕೈಗೆಟುಕುವ ಹಾಗಿರಬೇಕು. ಬೇರೆಯವರು ಆಕಳಿಸಿದಾಗ ಸಾವಕಾಶ ಮಾತ್ರ ತುಟಿ ಅಲ್ಲಾಡಿಸುತ್ತ ಬಾಯಿಪಾಠ ಮಾಡಿಕೊಳ್ಳುತ್ತಿದ್ದ.

“ಹಗ್ಗ ಎಲ್ಲಿ ಕಟ್ಟಿದ್ರಿ?”

“ಮೂತಿಗೆ ಮೇಡಂ. ಇಲ್ಲೇ.”

“ಕೊಯ್ದೋರು ಯಾರು?”

“ನೋಡ್ಲಿಲ್ಲ.”

“ಕತ್ತಿ?”

“ಇತ್ತು. ಈಗಿಲ್ಲ.”

ಅವನು ಇನ್ಸ್‌ಪೆಕ್ಟರ್ ಮುಖ ನೋಡಲಿಲ್ಲ. ದಫೇದಾರನ ಬೂಟನ್ನು ನೋಡುತ್ತಿದ್ದ. ಚಳಿಗೆ ನಡುಗುತ್ತಿದ್ದಾನೆ ಎಂದುಕೊಂಡು ದಫೇದಾರ ಚಹಾದವನಿಗೆ ಸನ್ನೆ ಮಾಡಿದ.

ಮೇಲ್ದಂಡೆ ಸಂಘದ ಮೇಲಿನ ಅನುಮಾನ ಸೋಮವಾರ ಬೆಳಗ್ಗೆಯೇ ಕರಗಿಹೋಯಿತು. ಘಟನೆಯ ಹೊತ್ತಿಗೆ ಅವರ ಹುಡುಗರೆಲ್ಲ ಸೋತ ತಮ್ಮ ದೋಣಿಯಲ್ಲೇ ಇದ್ದರು. ರಕ್ಷಣಾ ದೋಣಿ ಬರುವ ಮೊದಲೇ ಅವರಲ್ಲಿ ನಾಲ್ವರು ನೀರಿಗೆ ಹಾರಿ ಗೆದ್ದವರ ತಲೆಗಳನ್ನು ಎತ್ತಿ ಹಿಡಿದಿದ್ದರು. ಮೂಳೆ ಮುರಿದ ಹುಡುಗ ಆಸ್ಪತ್ರೆಯ ಮಂಚದ ಮೇಲಿಂದ ಹೇಳಿದ್ದೂ ಅದನ್ನೇ, ತನ್ನನ್ನು ಹಿಡಿದುಕೊಂಡಿದ್ದು ಮೇಲ್ದಂಡೆಯ ನಾಯಕ ಎಂದು. ಕಾರ್ಯದರ್ಶಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತು ಕನ್ನಡಕ ಒರೆಸಿ, ದೂರಿನಲ್ಲಿ ಆ ಸಂಘದ ಮಾತು ಬಂದ ಸಾಲನ್ನು ಹೊಡೆದುಹಾಕಬಹುದೇ ಎಂದು ದಫೇದಾರನನ್ನು ಮೆತ್ತಗೆ ಕೇಳಿದರು. ಬರೆದದ್ದನ್ನು ಹೊಡೆಯಲು ಬರುವುದಿಲ್ಲ, ಹೊಸ ಹೇಳಿಕೆ ಕೊಡಬಹುದು ಎಂದ ದಫೇದಾರ. ಕೊಟ್ಟರು.

ಹೊರಗಿನವರು ಕೊಯ್ದಿಲ್ಲವೆಂದರೆ ಒಳಗಿನವರು. ಮೂವತ್ತಾರು ಜನರನ್ನೂ ಒಬ್ಬೊಬ್ಬರಾಗಿ ಠಾಣೆಗೆ ಕರೆಸಲಾಯಿತು. ಮೊದಲು ಬಂದವರು ನಿವೃತ್ತ ಪೋಸ್ಟ್‌ಮ್ಯಾನ್.

“ಹಗ್ಗ ಕೊಯ್ದೋರು ಯಾರು?”

“ನಾನು ಗೆಲ್ಲೋ ದೋಣಿ ನೋಡ್ತಿದ್ದೆ.”

ಆಮೇಲೆ ದರ್ಜಿ ಬಂದ. ಅವನೂ ಗೆಲ್ಲೋ ದೋಣಿ ನೋಡುತ್ತಿದ್ದ. ಕಾಂಪೌಂಡರ್ ಹೆಂಡತಿ, ಅವಳ ನಾದಿನಿ, ಬೇಕರಿಯವನು, ಬೇಕರಿಯವನ ಮಾವ ಎಲ್ಲರೂ ಗೆಲ್ಲೋ ದೋಣಿಯನ್ನೇ ನೋಡುತ್ತಿದ್ದರು. ಎರಡೂ ಕಣ್ಣಿಗೆ ಪೊರೆ ಬಂದ ಮುದುಕರೊಬ್ಬರು ಕೋಲು ಊರಿಕೊಂಡು ಬಂದು, ತಾವೂ ಅದನ್ನೇ ನೋಡುತ್ತಿದ್ದುದಾಗಿ ಸಹಿ ಹಾಕಿದರು.

“ದಫೇದಾರ್ರೇ, ಇವರೆಲ್ಲ ಒಂದೇ ಟ್ಯೂಷನ್‌ಗೆ ಹೋಗ್ತಾರಾ?” ಎಂದು ಇನ್ಸ್‌ಪೆಕ್ಟರ್ ನಗದೆ ಕೇಳಿದರು.

ದಫೇದಾರನಿಗೆ ಅದಕ್ಕಿಂತ ವಿಚಿತ್ರವೆನಿಸಿದ್ದು ಬೇರೆ. ಇವರಲ್ಲಿ ಒಬ್ಬರಿಗೂ ಸಿಟ್ಟಿರಲಿಲ್ಲ. ಸಾವಿನ ಬಾಗಿಲು ತಟ್ಟಿ ಬಂದವರು, ಕೊಯ್ದವನನ್ನು ಹಿಡಿದು ತನ್ನಿ ಎಂದು ಮೇಜು ಕುಟ್ಟಬೇಕಾದವರು, ಮದುವೆ ಮನೆಯಿಂದ ಬಂದವರ ಹಾಗೆ ಹಗುರವಾಗಿದ್ದರು. ಬೇಕರಿಯವನಂತೂ ಠಾಣೆಯವರಿಗೆಲ್ಲ ಒಂದು ಡಬ್ಬಿ ಬಿಸ್ಕತ್ತು ತಂದಿದ್ದ. ಯಾಕೆಂದು ಕೇಳಿದರೆ, ಸುಮ್ಮನೆ, ಎಂದ. ಎಲ್ಲರೂ ತಂತಮ್ಮ ಫೋನಿನಲ್ಲಿ ತೆಗೆದ ಪಂದ್ಯದ ಚಿತ್ರಗಳನ್ನು ಮಾತ್ರ ಕೇಳುವ ಮೊದಲೇ ತೋರಿಸುತ್ತಿದ್ದರು. ಇನ್ಸ್‌ಪೆಕ್ಟರ್ ಅವನ್ನೆಲ್ಲ ಇಸಿದುಕೊಂಡರು. ಕೊಯ್ದವನ ಮುಖ ಯಾವುದರಲ್ಲೂ ಇರಲಿಲ್ಲ. ಎಲ್ಲದರಲ್ಲೂ ಗೆಲ್ಲುವ ದೋಣಿಯೇ ಇತ್ತು. ಪಕ್ಕದಲ್ಲಿ ಲಂಗರು ಹಾಕಿದ್ದ ಹಸಿರು ದೋಣಿಯವರ ಚಿತ್ರಗಳನ್ನೂ ಅವರು ತರಿಸಿಟ್ಟುಕೊಂಡರು.

ಸಂಜೆ ಮನೆಯಲ್ಲಿ ಅಮ್ಮನನ್ನು ಕೇಳಿದ. ಅವಳು ಒಗೆದ ಸೀರೆ ಮಡಿಸುತ್ತ, ತಾನೂ ಗೆಲ್ಲೋ ದೋಣಿ ನೋಡುತ್ತಿದ್ದೆ ಎಂದಳು. ಮಡಿಸಿದ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

ಮಂಗಳವಾರ ಬೆಳಗ್ಗೆ ಅವನು ಯೂನಿಫಾರ್ಮು ಹಾಕಿಕೊಂಡು ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಅಮ್ಮ ಬೀನ್ಸ್ ಹೆಚ್ಚುತ್ತಿದ್ದಳು. ಅವರ ಮನೆಯ ಚಾಕು ಮೊಂಡ. ಅದಕ್ಕೆ ಬೈಯದೆ ಅವಳು ತರಕಾರಿ ಹೆಚ್ಚಿದ್ದೇ ಇಲ್ಲ. ಇವತ್ತು ಬೈಗುಳವಿಲ್ಲ, ಬೀನ್ಸು ಸರಸರನೆ ತುಂಡಾಗುತ್ತಿತ್ತು.

“ಅದು ಯಾವ ಚಾಕು?”

“ಚಾಕು.”

“ಎಲ್ಲಿಂದ ಬಂತು?”

“ಎಲ್ಲಾ ಚಾಕು ಎಲ್ಲಿಂದ ಬರ್ತಾವೋ ಅಲ್ಲಿಂದ.”

ಅವಳ ಹಿಡಿತ ಸ್ವಲ್ಪ ಸರಿದಾಗ ಹಿಡಿ ಕಾಣಿಸಿತು. ನೀಲಿ ಬಣ್ಣ. ದೋಣಿಗೆ ಬಳಿದು ಉಳಿದ ಬಣ್ಣವನ್ನೇ ಯಾರೋ ಹಿಡಿಗೂ ಬಳಿದಿದ್ದರು. ದಫೇದಾರ ಬಾಗಿಲ ಚೌಕಟ್ಟು ಹಿಡಿದು ನಿಂತ.

“ಅಮ್ಮ, ಕೇಳ್ತಾ ಇರೋದು ಪೊಲೀಸು.”

“ಪೊಲೀಸಾದ್ರೆ ಬೂಟು ಹೊರಗೆ ಬಿಟ್ಟು ಬರ್ಲಿ. ಈಗಷ್ಟೇ ಒರೆಸಿದೀನಿ.”

ಅವನು ಹೊರಗೆ ಹೋಗಿ ಬೂಟು ಬಿಚ್ಚಿ, ಬಂದು ಅವಳೆದುರು ನೆಲದ ಮೇಲೆ ಕೂತ. ಅವಳು ಇನ್ನೆರಡು ಬೀನ್ಸ್ ಹೆಚ್ಚಿ, ಚಾಕು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು.

ಗೆಲ್ಲುವ ದೋಣಿ ಗೆರೆಗೆ ಬರುತ್ತಿದ್ದ ಹಾಗೆ ಎಲ್ಲರೂ ಎದ್ದು ಮುಂದಕ್ಕೆ ಬಾಗಿದ್ದರು. ಆಗ ಅವರು ನಿಂತ ಬದಿ ಒಮ್ಮೆಗೇ ತಗ್ಗಿತು. ಹೊಳೆ ದೋಣಿಯ ಅಂಚು ಹಾರಿ ಒಳಗೆ ಬಂತು. ಬಂದದ್ದು ಮತ್ತೆ ಹೊರಗೆ ಹೋಗಲಿಲ್ಲ. ಕಾಲು ಮುಳುಗಿತು, ಮೊಣಕಾಲು ಮುಳುಗಿತು. ಅರಚಲಿಕ್ಕೂ ಯಾರಿಗೂ ಉಸಿರಿರಲಿಲ್ಲ. ಸಾವಕಾಶ ಹಿಂದಿನಿಂದ ಜನರ ತೊಡೆಯ ಮೇಲೆ, ಹೆಗಲ ಮೇಲೆ ಕಾಲಿಟ್ಟುಕೊಂಡು ಬಂದು ಹಗ್ಗಕ್ಕೆ ಕತ್ತಿ ಹಾಕಿದ. ದೋಣಿ ಒದರಿಕೊಂಡು ನೆಟ್ಟಗಾಯಿತು. ಅರ್ಧ ನೀರು ತುಂಬಿಕೊಂಡೇ ತೇಲಿಹೋಯಿತು. ಆಮೇಲೆ ಆ ಹುಡುಗರ ದೋಣಿ ಎದುರು ಬಂತು. ಅವನು ಜಲ್ಲೆಗೋಲು ಊರಿ ತಪ್ಪಿಸಲು ನೋಡಿದ, ಕೋಲು ಮುರಿಯಿತು.

ಮರಳ ದಿಬ್ಬದ ಮೇಲೆ, ಪೊಲೀಸರು ಬರುವ ಮೊದಲು, ಹಗ್ಗ ಕೊಯ್ದದ್ದಕ್ಕೆ ಕೇಸಾಗುತ್ತದೆ ಎಂದವರು ಪೋಸ್ಟ್‌ಮ್ಯಾನು. ಆಗಲೇ ಎಲ್ಲರೂ ಮಾತು ಕೊಟ್ಟುಕೊಂಡರು. ಕತ್ತಿಯನ್ನು ನೀರಿಗೆಸೆಯೋಣವೆಂದರೆ ನೀರು ಮೊಣಕಾಲುದ್ದ.

“ದಫೇದಾರನ ತಾಯಿ ಚೀಲ ಯಾವ ಪೊಲೀಸು ತಡಕ್ತಾನೆ ಅಂತ ನನ್ನ ಕೈಗೇ ಕೊಟ್ರು,” ಎಂದಳು ಅಮ್ಮ. “ಅವನು ಕೊಯ್ಯದೆ ಇದ್ದಿದ್ರೆ ಈ ಬೀನ್ಸ್ ಹೆಚ್ಚೋಕೆ ನಾನಿರ್ತಿರಲಿಲ್ಲ ಕಣೋ. ಪಕ್ಕದ್ಮನೆ ಸೊಸೆ ಇರ್ತಿರಲಿಲ್ಲ, ಅವಳ ಹೊಟ್ಟೇಲಿರೋದು ಇರ್ತಿರಲಿಲ್ಲ.”

ದಫೇದಾರ ಚಾಕುವನ್ನು ನೋಡಿದ. ಎರಡು ದಿನ ಯಾರ ಕೈ ಮುರಿಯಬೇಕೆಂದು ಹಲ್ಲು ಕಡಿದಿದ್ದನೋ ಆ ಕೈ ಅಮ್ಮನನ್ನು ಎತ್ತಿ ಇವನ ಮನೆಗೆ ಕೊಟ್ಟಿತ್ತು. ಇನ್ನು ಮೇಲೆ ಅವಳು ಬಡಿಸುವ ಪ್ರತಿ ತುತ್ತಿಗೂ ಆ ಮನುಷ್ಯನನ್ನು ನೆನೆಯಬೇಕು. ಅಷ್ಟೆಲ್ಲ ಗೊತ್ತಿದ್ದೂ ಚಾಕುವನ್ನು ಅಲ್ಲೇ ಬಿಟ್ಟು ಹೋಗುವಂತಿರಲಿಲ್ಲ.

“ಅವನನ್ನ ಹಿಡ್ಕೊಟ್ರೆ ನಿನಗೆ ಊಟ ಹಾಕಲ್ಲ,” ಎಂದಳು ಅಮ್ಮ.

“ಹಾಕಬೇಡ. ಆ ಚಾಕು ಯಾರೂ ಮುಟ್ಟಬಾರದು, ಹಾಗೇ ಇರ್ಲಿ,” ಎಂದು ಹೇಳಿ ಬೂಟು ಹಾಕಿಕೊಂಡ.

ಠಾಣೆಗೆ ಹೋಗಿ ಇನ್ಸ್‌ಪೆಕ್ಟರ್ ಮುಂದೆ ಎಲ್ಲ ಹೇಳಿದ. ತನ್ನ ಮನೆಯ ಜಪ್ತಿ ತಾನೇ ಮಾಡಿದರೆ ಸರಿಯಾಗದು, ಬೇಕಾದರೆ ಕೇಸಿನಿಂದಲೇ ಬಿಡಿಸಿ ಎಂದ. ಅವರು ಮಹಿಳಾ ಕಾನ್‌ಸ್ಟೇಬಲ್ ಒಬ್ಬಳನ್ನು ಪಂಚರೊಂದಿಗೆ ಕಳಿಸಿದರು. ಅವಳು ಚಾಕುವನ್ನು ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ತಂದಳು. ಅಮ್ಮ ಅವಳಿಗೂ ಪಂಚರಿಗೂ ಚಹಾ ಕೊಟ್ಟು, ಇಷ್ಟು ಚೆನ್ನಾಗಿ ಕೊಯ್ಯುವ ಚಾಕು ಸಾಕ್ಷಿಯಾಗಿ ಹೋಗುತ್ತಿದೆಯಲ್ಲ ಎಂದು ಬೇಜಾರು ಮಾಡಿಕೊಂಡಳಂತೆ.

ಇನ್ಸ್‌ಪೆಕ್ಟರ್ ಬಾಗಿಲು ಮುಂದೆ ಮಾಡಿ ದಫೇದಾರನನ್ನು ಕೂರಿಸಿದರು.

“ಮುಳುಗೋ ದೋಣಿ ಉಳಿಸೋಕೆ ಹಗ್ಗ ಕೊಯ್ಯೋದು ಅಪರಾಧ ಅಲ್ಲ. ಅದಕ್ಕೇ ಕತ್ತಿ ಇಟ್ಕೊಳ್ಳಿ ಅಂತ ನಾವೇ ಹೇಳಿದ್ದು.”

ದಫೇದಾರನಿಗೆ ಬೆನ್ನಿನ ಮೇಲಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಹಾಗಾದರೆ ಮುಗಿಯಿತಲ್ಲ, ಹೋಗಿ ಅವನ ಕೈ ಹಿಡಿದುಕೊಂಡು ನಾಲ್ಕು ಮಾತಾಡಿ ಬರಬಹುದಲ್ಲ ಎಂದು ಏಳಲು ಹೋದ.

“ಕೂತ್ಕೊಳ್ಳಿ,” ಎಂದರು ಅವರು. “ಮೂತಿಗೆ ಕಟ್ಟಿದ ದೋಣಿ ಮುಳುಗೋಕೆ ಯಾಕೆ ಹೊರಟಿತು?”

ಮೂತಿ ಮೇಲ್ನೀರಿಗೆ ಇದ್ದರೆ ಹರಿವು ಮೂತಿಗೆ ತಾಗಿ ಎರಡು ಪಾಲಾಗಿ ಬದಿಗಳಲ್ಲಿ ಹೋಗುತ್ತದೆ. ಜನ ಎದ್ದು ಕುಣಿದರೂ ದೋಣಿ ತೊನೆದೀತು, ಅಷ್ಟೆ. ಅಂಚನ್ನೇ ನೀರೊಳಕ್ಕೆ ಎಳೆದದ್ದು ಏನು? ಇನ್ಸ್‌ಪೆಕ್ಟರ್ ಸೋಮವಾರ ಕೂಡಿಸಿಟ್ಟಿದ್ದ ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದಾಗಿ ತೆರೆದರು. ಮೊದಲು, ಪಕ್ಕದಲ್ಲಿ ನಿಂತಿದ್ದ ಹಸಿರು ದೋಣಿಯವರು ತೆಗೆದವು. ಅವುಗಳಲ್ಲಿ ಮುಂದಿನ ಸಾಲಿನವರ ತಲೆ, ಒಂದು ಟೋಪಿ, ಯಾರದೋ ಎತ್ತಿದ ಕೈ, ಆ ಕೈಸಂದಿಯಲ್ಲಿ ಹುಟ್ಟಿನ ತುದಿ. ಮುಂದೆ ಕೂತ ನಾಲ್ಕೈದು ಜನರಿಗೆ ಬಿಟ್ಟರೆ ಮತ್ತಾರಿಗೂ ಪಂದ್ಯ ಸಿಕ್ಕಿರಲಿಲ್ಲ. ಆಮೇಲೆ ನೀಲಿ ದೋಣಿಯವು. ದರ್ಜಿಯ ಚಿತ್ರದಲ್ಲಿ ಗೆಲ್ಲುವ ದೋಣಿ ಪೂರ್ತಿ ಇತ್ತು, ಎಂಟು ಹುಟ್ಟೂ ಎಣಿಸಬಹುದಿತ್ತು. ಬೇಕರಿಯವನದರಲ್ಲೂ ಅಷ್ಟೆ. ಕಟ್ಟಕಡೆಯ ಸಾಲಿನಲ್ಲಿದ್ದ ಪೋಸ್ಟ್‌ಮ್ಯಾನ್‌ರ ಚಿತ್ರದಲ್ಲಿ ಅಡ್ಡಕ್ಕೆ ಒಂದು ಕೂದಲೂ ಇರಲಿಲ್ಲ.

“ನಿಮ್ಮ ಅಮ್ಮ ಎಲ್ಲಿ ಕೂತಿದ್ರು?”

“ಕೊನೇದಕ್ಕೆ ಮುಂಚಿನ ಸಾಲು.”

“ಅವರಿಗೆ ಪಂದ್ಯ ಕಾಣಿಸ್ತಾ?”

ಭಾನುವಾರ ಆಟೋದಲ್ಲಿ ಕೂತಾಗ ಅವಳು ಹೇಳಿದ್ದು ದಫೇದಾರನಿಗೆ ಆಗ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಅವನು ನಿಧಾನಕ್ಕೆ ಹೇಳಿದ. “ಪೂರ್ತಿ ನೋಡಿದೆ ಅಂದಳು. ಇಷ್ಟು ವರ್ಷಕ್ಕೆ ಮೊದಲನೇ ಸಲ ಪೂರ್ತಿ ನೋಡಿದೆ ಅಂದಳು.”

ಇನ್ಸ್‌ಪೆಕ್ಟರ್ ಬೆಂಕಿಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಉದ್ದಕ್ಕೆ ಇಟ್ಟು, ಒಂದು ಗಳಿಗೆ ನೋಡಿ, ಅಡ್ಡಕ್ಕೆ ತಿರುಗಿಸಿದರು. ನೀಲಿ ದೋಣಿ ಅಡ್ಡ ನಿಂತು, ಇಡೀ ಬದಿಯನ್ನು ಹರಿವಿಗೆ ಒಡ್ಡಿತ್ತು.

ಮಧ್ಯಾಹ್ನ ದೋಣಿಯನ್ನು ನೆಟ್ಟಗೆ ನಿಲ್ಲಿಸಲು ಎರಡೂ ಸಂಘದ ಹುಡುಗರು ಬಂದರು. ಕಾರ್ಯದರ್ಶಿ ತಾವೇ ನಿಂತು ಮೇಲ್ದಂಡೆಯವರಿಗೆ ತಣ್ಣನೆಯ ಸೋಡಾ ಹಂಚಿದರು. ಹೂತಿದ್ದ ಬಲಬದಿ ಮರಳಿನಿಂದ ಮೇಲೆದ್ದಾಗ ಅದರ ನಟ್ಟನಡುವೆ, ದೋಣಿಯನ್ನು ಕಟ್ಟೆಗೆ ಬಿಗಿಯಲು ಇರುವ ಬಳೆ ಕಾಣಿಸಿತು. ಪಂದ್ಯಕ್ಕೆಂದು ಹೊಸದಾಗಿ ಬಳಿದ ನೀಲಿ ಬಣ್ಣ ಆ ಬಳೆಯ ಮೇಲೆ ಪೂರ್ತಿ ಉಜ್ಜಿಹೋಗಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು. ಕೆಳಗಿನ ಹಲಗೆಯ ಅಂಚಿನಲ್ಲಿ ಹಗ್ಗ ಕೊರೆದ ಗುಳಿ ಹೆಬ್ಬೆರಳು ಕೂರುವಷ್ಟಿತ್ತು. ಮೂತಿಯ ಬಳೆಯಿಂದ ಹಗ್ಗದ ತುಂಡನ್ನು ಬಿಚ್ಚಿ ನೋಡಿದರೆ ಅಡಿಯ ಬಣ್ಣಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹರಿಯುವ ಹೊಳೆಯಲ್ಲಿ ಮೂವತ್ತಾರು ಜನರ ಭಾರ ಹಿಡಿದ ಬಳೆ ಹಾಗಿರುವುದಿಲ್ಲ. ತುಂಡನ್ನು ಆಮೇಲೆ ತಂದು ಅಲ್ಲಿ ಕಟ್ಟಿದ್ದರು. ಎರಡನೆಯ ಪಂಚನಾಮೆಯಲ್ಲಿ ಇದಿಷ್ಟನ್ನೂ ದಫೇದಾರನೇ ಬರೆದ. ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

ಸಾವಕಾಶನ ಮನೆ ಕಟ್ಟೆಯ ಹಿಂದಿನ ಓಣಿಯಲ್ಲಿ, ಒಂದೇ ಕೋಣೆ. ಬಾಗಿಲು ತೆರೆದೇ ಇತ್ತು. ಹೊಸ್ತಿಲ ಒಳಗೆ, ಗೋಡೆಯ ಉದ್ದಕ್ಕೆ, ಜನ ತಂದಿಟ್ಟ ಸಾಮಾನು ಸಾಲಾಗಿತ್ತು. ಎರಡು ಗೊನೆ ಬಾಳೆಹಣ್ಣು, ಬೇಕರಿಯ ಡಬ್ಬಿ, ದರ್ಜಿ ಅಳತೆ ಕೇಳದೆ ಅಂದಾಜಿನ ಮೇಲೆ ಹೊಲಿದು ತಂದ ಅಂಗಿ, ಒಂದು ಹೊಸ ಟವೆಲು. ಒಂದನ್ನೂ ಅವನು ಮುಟ್ಟಿರಲಿಲ್ಲ. ಬಾಳೆಹಣ್ಣು ಕಪ್ಪಗಾಗತೊಡಗಿತ್ತು. ಅವನು ಎದುರು ಗೋಡೆಗೆ ಒರಗಿ, ಅವುಗಳಿಂದ ಎಷ್ಟು ದೂರ ಕೂರಲು ಸಾಧ್ಯವೋ ಅಷ್ಟು ದೂರ ಕೂತಿದ್ದ.

“ಎರಡು ದಿನದಿಂದ ಕಾಯ್ತಿದೀನಿ ಮೇಡಂ,” ಎಂದ. “ಅವರೆಲ್ಲ ಬರ್ತಿದ್ರು. ನೀವು ಬರ್ಲಿಲ್ಲ.”

“ಹಗ್ಗ ಎಲ್ಲಿ ಕಟ್ಟಿದ್ರಿ?”

“ನಡುವಿನ ಬಳೆಗೆ. ಅಡ್ಡಕ್ಕೆ.”

“ತುಂಡನ್ನ ಮೂತಿಗೆ ಕಟ್ಟಿದ್ದು?”

“ನಾನೇ. ದೋಣಿ ಪೂರ್ತಿ ಮಗ್ಗುಲಾಗೋ ಮೊದಲೇ ಬಿಚ್ಚಿ ಕಟ್ಟಿದೆ. ಎಲ್ಲರೂ ನನ್ನ ಸುತ್ತ ಕೈಮುಗೀತಾ ನಿಂತಿದ್ರು. ಹೆದರಿಕೆ ಆಯ್ತು.”

“ನಿಯಮ ಗೊತ್ತಿತ್ತಲ್ಲ?”

“ಬಾಯಿಪಾಠ ಇತ್ತು.”

ಆಮೇಲೆ ಅವನು ಹೇಳಿದ್ದನ್ನು ಇನ್ಸ್‌ಪೆಕ್ಟರ್ ನಡುವೆ ಬಾಯಿ ಹಾಕದೆ ಕೇಳಿದರು. ಹೋದ ವರ್ಷ ಪಂದ್ಯ ಮುಗಿದು ಜನ ಇಳಿಯುವಾಗ ಹಿಂದಿನ ಸಾಲಿನ ಮುದುಕಿಯೊಬ್ಬಳು ಅವನ ಕೈ ಹಿಡಿದು, ಬಹಳ ಚೆನ್ನಾಗಿತ್ತಪ್ಪ, ಮುಂದಿನವರ ಬೆನ್ನು ನೋಡಿಕೊಂಡು ಕೂತಿದ್ದೆವು, ಗಾಳಿ ಹಿತವಾಗಿತ್ತು, ಎಂದಿದ್ದಳು. ಬೈದಿದ್ದರೆ ಅವನು ಮರೆತುಬಿಡುತ್ತಿದ್ದ. ಅವಳು ಗಾಳಿಯನ್ನು ಹೊಗಳಿದ್ದು ವರ್ಷವಿಡೀ ಮನಸ್ಸಿಗೆ ಚುಚ್ಚುತ್ತಿತ್ತು. ದೋಣಿಯನ್ನು ಅಡ್ಡ ನಿಲ್ಲಿಸಿದರೆ ಉದ್ದ ಬದಿ ಮೇಲ್ನೀರಿಗೆ ತಿರುಗುತ್ತದೆ, ಬರುವ ದೋಣಿಗಳು ಎಲ್ಲರಿಗೂ ಕಾಣುತ್ತವೆ. ಬೆಳಗ್ಗೆ ಹರಿವು ಮೆತ್ತಗಿತ್ತು. ಪಂದ್ಯ ಮುಗಿಯುವಷ್ಟು ಹೊತ್ತು ಮಾತ್ರ ಎಂದುಕೊಂಡು, ಲಂಗರು ಹಾಕುವಾಗಲೇ ಹಗ್ಗವನ್ನು ನಡುವಿನ ಬಳೆಗೆ ಕಟ್ಟಿದ. ಎಲ್ಲರ ಮುಖದ ಮೇಲಿನ ಸಂತೋಷವನ್ನು ನೋಡುತ್ತ ನಿಂತವನು ನೀರು ಏರಿದ್ದನ್ನು ನೋಡಲಿಲ್ಲ.

ಆ ಮುದುಕಿ ಯಾರೆಂದು ದಫೇದಾರ ಕೇಳಲಿಲ್ಲ. ಯಾವುದೂ ಚೆನ್ನಾಗಿರದಿದ್ದಾಗ ಗಾಳಿಯನ್ನಾದರೂ ಹೊಗಳಿ ಬರುವವಳನ್ನು ಅವನು ಹುಟ್ಟಿದಾಗಿನಿಂದ ಬಲ್ಲ.

“ನಮ್ಮಮ್ಮ ಮನೆಗೆ ಬಂದಿದಾಳೆ,” ಎಂದ ಅವನು. ಹೇಳಬೇಕೆಂದುಕೊಂಡಿದ್ದ ನಾಲ್ಕು ಮಾತಿನಲ್ಲಿ ಹೊರಬಂದದ್ದು ಅಷ್ಟೆ. “ಊಟ ಮಾಡ್ತಿದಾಳೆ, ಬೈತಿದಾಳೆ. ಚೆನ್ನಾಗಿದಾಳೆ.”

ಸಾವಕಾಶ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದ. ಆಮೇಲೆ ಎದ್ದು, ಗೂಟದ ಮೇಲಿನ ತನ್ನ ಹಳೆಯ ಅಂಗಿ ಹಾಕಿಕೊಂಡು ಹೊರಟ.

ಜನರ ಜೀವಕ್ಕೆ ಅಪಾಯವಾಗುವಂತೆ ದೋಣಿ ನಡೆಸಿದ್ದು, ಸಾಕ್ಷಿಯನ್ನು ಬದಲಿಸಿದ್ದು, ಈ ಎರಡರ ಮೇಲೆ ಬಂಧನ. ಜೀಪು ಠಾಣೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಅಂಗಳದಲ್ಲಿ ನೀಲಿ ದೋಣಿಯವರು ನೆರೆದಿದ್ದರು. ಪೋಸ್ಟ್‌ಮ್ಯಾನು ಮುಂದೆ ಬಂದು, ಹಗ್ಗ ಕೊಯ್ದದ್ದು ತಾನೇ ಎಂದು ಬರೆದುಕೊಳ್ಳಿ ಎಂದರು. ಇನ್ಸ್‌ಪೆಕ್ಟರ್ ಮೆಟ್ಟಿಲ ಮೇಲೆ ನಿಂತು, ಕೇಸು ಕೊಯ್ದದ್ದಕ್ಕಲ್ಲ, ಅಡ್ಡ ಕಟ್ಟಿದ್ದಕ್ಕೆ ಎಂದು ಬಿಡಿಸಿ ಹೇಳಿದರು. ದೋಣಿ ಮುಳುಗಲು ಹೊರಟದ್ದು ಅದರಿಂದಲೇ ಎಂದೂ ಹೇಳಿದರು. ದರ್ಜಿ ಎರಡು ಹೆಜ್ಜೆ ಹಿಂದಕ್ಕೆ ಸರಿದ. ಪಕ್ಕದ ಮನೆಯ ಸೊಸೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಇಷ್ಟು ಕೃತಜ್ಞತೆಯನ್ನು ಹೊತ್ತು ತಂದವರು ಈಗ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ದಫೇದಾರನ ತಾಯಿ ಗುಂಪಿನಿಂದ ಹೊರಬಂದು ಸಾವಕಾಶನ ಎದುರು ನಿಂತಳು.

“ಕಟ್ಟಿದೋನೂ ನೀನೇನಾ?”

“ಹೂಂ, ಅಮ್ಮ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆ ಭಾನುವಾರ ಅವನ ಕಾಲು ತುಳಿದು ಹೋದ ತನ್ನ ಹೆಗಲನ್ನು ಒಮ್ಮೆ ಸವರಿಕೊಂಡಳು.

“ಹಾಗಾದ್ರೆ ಕಟ್ಟಿದ್ದಕ್ಕೆ ಹೋಗಿ ಜಡ್ಜ್ ಮುಂದೆ ನಿಂತ್ಕೋ,” ಎಂದಳು. “ಕೊಯ್ದಿದ್ದಕ್ಕೆ ನಾವಿದೀವಿ.”

ಒಳಗೆ ದಫೇದಾರ ಬಂಧನದ ಮೆಮೊ ತುಂಬಲು ಕೂತ. ಅಮ್ಮನಿಗೆ ಬೆಂಚು ತೋರಿಸಿದರೂ ಅವಳು ಮೇಜಿನ ಪಕ್ಕವೇ ನಿಂತಳು. ಬಂಧಿತನ ವಯಸ್ಸು, ವಿಳಾಸ, ಕಾರಣ ಎಲ್ಲ ಬರೆದಾಯಿತು. ಬಂಧನದ ವಿಷಯ ಯಾರಿಗೆ ತಿಳಿಸಬೇಕು ಎಂಬ ಕಡೆ ಬಂದು ತಲೆಯೆತ್ತಿದ. ಹೆಂಡತಿ ತೀರಿಹೋಗಿ ಬಹಳ ವರ್ಷವಾಯಿತು, ಮಕ್ಕಳಿಲ್ಲ, ಹೇಳಿಕೊಳ್ಳುವಂಥವರು ಯಾರೂ ಇಲ್ಲ, ಖಾಲಿ ಬಿಡಿ ಎಂದ ಸಾವಕಾಶ.

“ಅದನ್ನ ಖಾಲಿ ಬಿಡೋಕೆ ಬರಲ್ಲ,” ಎಂದ ದಫೇದಾರ.

“ನನ್ನ ಹೆಸರು ಬರಿಯೋ,” ಎಂದಳು ಅಮ್ಮ.

ಅವನು ಬರೆದ. ಪಕ್ಕದಲ್ಲಿ ಇನ್ನೊಂದು ಜಾಗವಿತ್ತು, ಸಂಬಂಧ ಏನೆಂದು ಬರೆಯಲು. ಅಲ್ಲಿ ಪೆನ್ನು ಇಟ್ಟು ಅವಳ ಮುಖ ನೋಡಿದ.

“ದೋಣೀಲಿದ್ದೋಳು ಅಂತ ಬರಿ,” ಎಂದಳು.

ದಫೇದಾರ ಹಾಗೇ ಬರೆದು, ಮೆಮೊವನ್ನು ಅವಳ ಕಡೆ ತಿರುಗಿಸಿ, ಸಹಿ ಹಾಕಬೇಕಾದ ಜಾಗ ತೋರಿಸಿದ.